ಹಲಸು, ತೇಗದಲ್ಲೇ ವಿಮಾನದ ರೆಕ್ಕೆ ಮಾಡಬಾರದಾ?

ಮರದ ಅಲ್ಟ್ರಾಲೈಟ್ (ತೀರಾ ಹಗುರವಾದ ಪುಟ್ಟ) ವಿಮಾನವನ್ನು ನಾವೇ ಕೂಡಿಸಿಕೊಳ್ಳಲು ಬರುವ ಬಿಡಿಭಾಗಗಳ ಕಿಟ್‌ಗೆ ಅಷ್ಟು ದುಡ್ಡು ಯಾಕೆ, ನಕ್ಷೆ ಮಾತ್ರ ತರಿಸಿ ನಮ್ಮೂರ ಹಲಸು, ತೇಗದಲ್ಲೇ ಕಟ್ಟಬಾರದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಬದಿಯಡ್ಕದಲ್ಲಿ ಮರಗೆಲಸ ಮಾಡುವವನು. ಕುಂಬಳೆಯ ಗೆಳೆಯನೊಬ್ಬ ಇಂಥ ಕಿಟ್ ತರಿಸಿದಾಗ ರೆಕ್ಕೆಯ ರಿಬ್ಬುಗಳನ್ನು, ಅಂದರೆ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳನ್ನು, ಕೂಡಿಸಿದ್ದು ನಾನೇ.

ತೇಗ ಬಾಗಿಲಿಗೆ ಚೆನ್ನ. ಆದರೆ ಒಂದು ಘನ ಮೀಟರ್ ತೇಗ ಸುಮಾರು 650 ಕೆಜಿ ತೂಗುತ್ತದೆ, ಕಿಟ್‌ಗಳಲ್ಲಿ ಬರುವ ಸಿಟ್ಕಾ ಸ್ಪ್ರೂಸ್ ಎಂಬ ಮರ 430ರ ಆಸುಪಾಸು. ಅಮೆರಿಕದ 1982ರ ನಿಯಮದ ಪ್ರಕಾರ ಅಲ್ಟ್ರಾಲೈಟ್‌ನ ಖಾಲಿ ತೂಕ, ಎಂಜಿನ್ ಸೇರಿಸಿಯೇ, 115 ಕೆಜಿ ದಾಟಬಾರದು. ಅಷ್ಟರಲ್ಲಿ ಮರಕ್ಕೆ ಎಷ್ಟು ಉಳಿಯುತ್ತದೆ ನೀವೇ ಲೆಕ್ಕ ಹಾಕಿ. ಮೇಲಾಗಿ ತೇಗದಲ್ಲಿ ಎಣ್ಣೆ ಜಾಸ್ತಿ, ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಇಂಥ ಕಿಟ್ ಮಾಡುವ ಫಿಶರ್ ಫ್ಲೈಯಿಂಗ್ ಪ್ರಾಡಕ್ಟ್ಸ್ ಅಂತ ಒಂದು ಸಣ್ಣ ಕಂಪನಿ ಇದೆ. ಅಮೆರಿಕದ ನಾರ್ತ್ ಡಕೋಟಾದಲ್ಲಿ ಎಡ್ಜ್‌ಲಿ ಎಂಬ ಪುಟ್ಟ ಊರಲ್ಲಿ ಬಹಳ ಕಾಲ ಇದ್ದು ಆಮೇಲೆ ಕೆನಡಾಕ್ಕೆ ಹೋಯಿತು. ಅವರ ವಿಮಾನಗಳ ಒಡಲು ನೋಡಿದರೆ ನಿಮಗೆ ಬುಟ್ಟಿಯ ಹೆಣಿಗೆ ನೆನಪಾಗುತ್ತದೆ. ತೆಳು ಪಟ್ಟಿಗಳು ಓರೆಯಾಗಿ ಒಂದರ ಮೇಲೊಂದು ಹಾದು, ಸೇರುವ ಕಡೆಯೆಲ್ಲ ಅಂಟಿಕೊಂಡಿರುತ್ತವೆ. ಒಂದು ಪಟ್ಟಿ ಮುರಿದರೂ ಅಕ್ಕಪಕ್ಕದವು ಭಾರ ಹೊರುತ್ತವೆ. ಹಾಗಾಗಬೇಕಾದರೆ ಗಂಟಿಲ್ಲದ, ಎಳೆ ನೇರ ಇರುವ ಮರವೇ ಬೇಕು. ಅದನ್ನು ಆರಿಸಿ ಕೊಡುವುದಕ್ಕೇ ನೀವು ದುಡ್ಡು ಕೊಡುವುದು.

ಇನ್ನು ಅಂಟಿನ ವಿಷಯ. ನಾವು ಹಲಗೆಯ ಮೇಲೆ ನಕ್ಷೆ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ, ಸುತ್ತ ಮರದ ತುಂಡು ಹೊಡೆದು ಅಚ್ಚು ಮಾಡಿದೆವು. ಕಾಲು ಇಂಚಿನ ಕಡ್ಡಿಗಳನ್ನು ಅದರೊಳಗೆ ಕೂರಿಸಿ, ಕೂಡುವ ಕಡೆ ತೆಳು ಪ್ಲೈವುಡ್ ಚೂರು ಇಟ್ಟು ಎಪಾಕ್ಸಿ ಅಂಟು ಹಚ್ಚಿದೆವು. ಪ್ರತಿ ಸಲ ಕಲಸಿದ ಅಂಟಿನಲ್ಲೇ ಎರಡು ಬೇರೆ ತುಂಡುಗಳನ್ನೂ ಅಂಟಿಸಿ ಮಾರನೇ ದಿನ ಮುರಿದು ನೋಡುತ್ತಿದ್ದೆ. ಮರ ಸೀಳಿಕೊಂಡು ಬರಬೇಕು, ಅಂಟಿನ ಎರಡೂ ಬದಿಯಲ್ಲಿ ಮರದ ನಾರು ಕಾಣಬೇಕು. ಜೂನ್ ಮಳೆಯಲ್ಲಿ, ಜಗಲಿಯಲ್ಲಿ ಇಟ್ಟಿದ್ದ ಕಡ್ಡಿಗಳನ್ನೇ ತಂದು ಅಂಟಿಸಿದ ದಿನ ತುಂಡು ಟಕ್ ಅಂತ ಬಿಟ್ಟುಕೊಂಡಿತು. ಒಡೆದ ಜಾಗ ಗಾಜಿನ ಹಾಗೆ ನುಣ್ಣಗೆ, ಒಂದು ನಾರೂ ಇಲ್ಲ. ಆ ದಿನದ ನಾಲ್ಕೂ ರಿಬ್ ಒಲೆಗೆ ಹೋದವು. ಹೊಟ್ಟೆ ಉರಿಯಿತು, ಆದರೆ ಅದರ ಮೇಲೆ ಮನುಷ್ಯ ಕೂರುತ್ತಾನೆ ಅಲ್ವಾ?

ಅಮೆರಿಕದಲ್ಲಿ ಈ ಜಾತಿಯ ವಿಮಾನಕ್ಕೆ ಲೈಸೆನ್ಸ್ ಬೇಡ ಅನ್ನುವುದನ್ನು ಓದಿ ಮರುಳಾಗಬೇಡಿ. ಇಲ್ಲಿ ಹಾರಿಸಲು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಬೇಕು. ಕಿಟ್‌ಗೆ ಮುಂಗಡ ಕೊಡುವ ಮೊದಲೇ ಅದನ್ನು ವಿಚಾರಿಸಿ.

ಶುರು ಮಾಡುವುದಾದರೆ ತೇವ ಅಳೆಯುವ ಮೀಟರ್ ಒಂದು ತಗೊಳ್ಳಿ. ಮರದಲ್ಲಿ ತೇವ ಶೇಕಡಾ 12ಕ್ಕಿಂತ ಜಾಸ್ತಿ ಇದ್ದರೆ ಅಂಟಿನ ಡಬ್ಬಿ ತೆರೆಯಲೇಬೇಡಿ. ನಮ್ಮ ಕಡೆ ಅಂಟಿನ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯದು. ಮಳೆಗಾಲದಲ್ಲಿ ಚಕ್ರ, ಕೇಬಲ್, ಬೋಲ್ಟಿನ ಕೆಲಸ ಇಟ್ಟುಕೊಳ್ಳಿ.