ಅಪ್ಪನ ತಲೆ ಚೆನ್ನಾಗೇ ಓಡುತ್ತಿದೆ, ಆಟ ಬದಲಿಸಿ ನೋಡಿ

“ನಿವೃತ್ತರಾದ ಅಪ್ಪ ಇಡೀ ದಿನ ಕಂಪ್ಯೂಟರಿನಲ್ಲಿ ಸಾಲಿಟೇರ್ ಎಂಬ, ಒಬ್ಬರೇ ಆಡುವ ಇಸ್ಪೀಟೆಲೆ ಆಟ ಆಡುತ್ತಾರೆ. ಸೋತಾಗಲೆಲ್ಲ ‘ನನ್ನ ತಲೆ ಓಡುತ್ತಿಲ್ಲ’ ಅಂತ ಕೊರಗುತ್ತಾರೆ. ಏನು ಹೇಳಲಿ?” ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವರಿಗೆ ಇದನ್ನು ಹೇಳಿ: ಆ ಆಟ ಪ್ರತಿ ಸಲ ಗೆಲ್ಲುವಂಥದ್ದೇ ಅಲ್ಲ. ಏಳು ಸಾಲಿನ ಆ ಆಟದ ಹೆಸರು ಕ್ಲಾಂಡೈಕ್; ಒಂದೊಂದು ಜಾತಿಯ ಎಲೆಗಳನ್ನೂ ಎಕ್ಕದಿಂದ ರಾಜನವರೆಗೆ ಜೋಡಿಸಿದರೆ ಗೆದ್ದಂತೆ. 52 ಎಲೆಗಳಲ್ಲಿ 28 ಎಲೆ ಆ ಏಳು ಸಾಲುಗಳಿಗೆ ಹೋಗುತ್ತವೆ, ಅದರಲ್ಲಿ 21 ಬೋರಲು. ಕಟ್ಟಿನಿಂದ ಮೂರು ಮೂರು ಎಲೆ ತೆಗೆದು ಆಡುವಾಗ, ಬೋರಲು ಬಿದ್ದದ್ದೆಲ್ಲ ಮೊದಲೇ ಗೊತ್ತಿದ್ದರೂ ನೂರಕ್ಕೆ ಸುಮಾರು 82 ಆಟ ಮಾತ್ರ ಗೆಲ್ಲಲು ಸಾಧ್ಯ. ಗೊತ್ತಿಲ್ಲದೆ ಆಡುವವರಿಗೆ ಅಷ್ಟೂ ದಕ್ಕುವುದಿಲ್ಲ.

ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಹರಿದ ನೂಲಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕುತ್ತಿದ್ದ ಬೆರಳು ಮೌಸ್ ಮುಟ್ಟಿದರೆ ನಡುಗುತ್ತಿತ್ತು. ಎಲೆಯನ್ನು ಅರ್ಧ ದಾರಿಗೆ ಎಳೆದು ಬಿಟ್ಟುಬಿಡುವರು, ಅದು ಸರ್ರನೆ ವಾಪಸ್ ಹೋಗುವುದು. ಒಂದು ವಾರದಲ್ಲಿ ಕೈ ಪಳಗಿತು. 1990ರಲ್ಲಿ ವಿಂಡೋಸ್ 3.0 ಜೊತೆ ಈ ಆಟ ಬಂದಾಗಲೂ ಎಷ್ಟೋ ಜನ ಮೌಸ್ ಹಿಡಿಯಲು ಕಲಿತದ್ದು ಹೀಗೆಯೇ.

ಆಮೇಲೆ ಶುರುವಾಯಿತು ಕೊರಗು. ಪಕ್ಕದಲ್ಲಿ ಕೂತು ನೋಡಿದೆ. ಕೆಂಪು ಎಂಟರ ಮೇಲೆ ಇಡಲು ಎರಡು ಕಪ್ಪು ಏಳು ಇದ್ದವು, ಒಂದು ಇಸ್ಪೀಟು, ಒಂದು ಕಳಾವರ್. ಅಪ್ಪ ಕೈಗೆ ಹತ್ತಿರವಿದ್ದದ್ದನ್ನು ಎತ್ತಿದರು. “ಅಪ್ಪಾಜಿ, ಯಾವ ಏಳರ ಕೆಳಗೆ ಬೋರಲು ಎಲೆ ಜಾಸ್ತಿ ಇದೆಯೋ ಅದನ್ನು ಎತ್ತಿ” ಅಂದೆ. ಇದೊಂದು ರೂಢಿಯಾದರೆ ಆಟ ಬಹಳ ಸುಧಾರಿಸುತ್ತದೆ. ಇನ್ನೊಂದು: ರಾಜ ಕೈಗೆ ಸಿಗುವ ಹಾಗಿಲ್ಲದಿದ್ದರೆ ಸಾಲು ಖಾಲಿ ಮಾಡುವ ಅವಸರ ಬೇಡ, ಆ ಜಾಗಕ್ಕೆ ಬೇರೆ ಎಲೆ ಬರುವುದಿಲ್ಲ.

ಆದರೆ ನಿಜವಾಗಿ ಅಪ್ಪನ ಮನಸ್ಸು ತಿಳಿಯಾದದ್ದು ಫ್ರೀಸೆಲ್ ಎಂಬ ಇನ್ನೊಂದು ಬಗೆಯ ಸಾಲಿಟೇರ್ ಹಾಕಿಕೊಟ್ಟ ಮೇಲೆ. ಅದರಲ್ಲಿ ಎಲ್ಲ ಎಲೆಯೂ ಕಣ್ಣೆದುರಿಗೇ ಇರುತ್ತದೆ, ಅದೃಷ್ಟದ ಮಾತೇ ಇಲ್ಲ. ಎಂಟು ಸಾಲು, ಎಲೆ ತಾತ್ಕಾಲಿಕವಾಗಿ ಇಡಲು ನಾಲ್ಕು ಖಾಲಿ ಮನೆ. ವಿಂಡೋಸ್ 95ರಲ್ಲಿ ಬಂದ ಹಳೆಯ ಫ್ರೀಸೆಲ್‌ನಲ್ಲಿ 32,000 ಆಟಗಳಿಗೂ ನಂಬರಿತ್ತು, ಅದರಲ್ಲಿ 11982ನೇ ನಂಬರಿನ ಆಟ ಒಂದನ್ನು ಬಿಟ್ಟು ಉಳಿದವೆಲ್ಲ ಗೆಲ್ಲುವಂಥವೇ. ಸೋತರೆ ಅದೇ ನಂಬರನ್ನು ಮತ್ತೆ ಆಡಬಹುದು. ನಾಲ್ಕು ಮನೆಯನ್ನೂ ಬೇಗ ತುಂಬಿಸಿಕೊಳ್ಳಬೇಡಿ, ಎಕ್ಕ ಎಲ್ಲಿ ಹೂತಿದೆ ಅಂತ ಮೊದಲು ಹುಡುಕಿ ಎಂದಷ್ಟೇ ಹೇಳಿದೆ.

ಅಪ್ಪ ನೋಟ್‌ಬುಕ್ಕಿನಲ್ಲಿ ನಂಬರು ಬರೆದಿಡತೊಡಗಿದರು. ಒಂದು ಆಟ ಮೂರು ದಿನ ಸತಾಯಿಸಿತು. ನಾನು ಮಂಡಿಪೇಟೆಯ ಅಂಗಡಿಯಲ್ಲಿ ಮೆಕ್ಕೆಜೋಳದ ಲೆಕ್ಕ ಬರೆಯುತ್ತಿದ್ದಾಗ ಫೋನ್ ಬಂತು. “ಎಕ್ಕ ಸಿಕ್ತು ಕಣೋ, ಆಟೀನ್ ರಾಣಿ ಕೆಳಗಿತ್ತು. ಗೆದ್ದೆ.”