14ನೇ ಪ್ರಶ್ನೆಯಲ್ಲಿ ನಿಂತುಹೋದ ಪೆನ್ಸಿಲ್

(ಈ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.)

"ಮೇಡಂ, ನನ್ನ ಕಿವೀನೇ ಸರಿ ಇಲ್ಲ ಅನ್ಸುತ್ತೆ."

ಬಂದು ಕೂತ ಕೂಡಲೇ ಆಕೆ ಹೇಳಿದ್ದು ಇದನ್ನೇ. ವಯಸ್ಸು 28. ಕೆಲಸ ನರ್ಸ್. ಬೇರೆ ದೇಶದಲ್ಲಿ ಕೆಲಸಕ್ಕೆ ಸೇರಲು ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೆಯುತ್ತಿದ್ದರು. ಲಿಸನಿಂಗ್‌ನಲ್ಲಿ, ಅಂದರೆ ಕೇಳಿ ಉತ್ತರ ಬರೆಯುವ ವಿಭಾಗದಲ್ಲಿ, 7 ಬ್ಯಾಂಡ್ ಬೇಕಿತ್ತು (ಬ್ಯಾಂಡ್ ಅಂದರೆ 9ರವರೆಗೆ ಕೊಡುವ ಅಂಕ). ಎರಡು ಸಲ ಬರೆದಿದ್ದರು, ಎರಡು ಸಲವೂ 6. ಓದು, ಬರವಣಿಗೆ, ಮಾತು ಮೂರರಲ್ಲೂ ತೊಂದರೆ ಇರಲಿಲ್ಲ. ಕೇಳುವುದರಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದರು.

ನಾನು ಇಂಗ್ಲಿಷ್ ಕಲಿಸುವವಳಲ್ಲ, ಆಪ್ತಸಮಾಲೋಚಕಿ. ಆಕೆ ನನ್ನ ಹತ್ತಿರ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ಹೆಡ್‌ಫೋನ್ ಕಿವಿಗೆ ಹಾಕಿದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ ಅಂದರು. ಆದರೂ ದಿನಾ ಎರಡು ಗಂಟೆ ಅಭ್ಯಾಸ ಬಿಟ್ಟಿರಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆಯೂ ಒಂದು ಮಾಕ್ ಟೆಸ್ಟ್ (ಮಾದರಿ ಪರೀಕ್ಷೆ). ಮಾಡುವುದು, ಉತ್ತರ ನೋಡುವುದು, ಅಂಕ ಬರೆಯುವುದು, ಅಳುವುದು. ಮಾರನೇ ದಿನ ಇನ್ನೊಂದು. ನೋಟ್‌ಬುಕ್ ತಂದಿದ್ದರು. ಅದರಲ್ಲಿ 46 ಟೆಸ್ಟ್‌ಗಳಿದ್ದವು. 40ಕ್ಕೆ 22, 24, 21, 23.

ಕಿವಿಯ ಮಾತು ಬಂದದ್ದರಿಂದ ಮೊದಲು ಅದನ್ನೇ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದೆ. ಇಂಥ ಅನುಮಾನವನ್ನು ಸುಮ್ನೆ ಸಮಾಧಾನ ಹೇಳಿ ತಳ್ಳಿಹಾಕಬಾರದು. ನಿಜವಾಗಿಯೂ ಕೇಳಿಸುವ ತೊಂದರೆ ಇದ್ದರೆ ಮುಂಚೆಯೇ ಅರ್ಜಿ ಹಾಕಿ ಪರೀಕ್ಷೆಯಲ್ಲಿ ವಿಶೇಷ ವ್ಯವಸ್ಥೆ ಕೇಳಿಕೊಳ್ಳಬಹುದು. ಆಕೆ ತೋರಿಸಿಕೊಂಡು ಬಂದರು. ಕಿವಿ ಚೆನ್ನಾಗಿಯೇ ಇತ್ತು.

ಎರಡನೇ ಭೇಟಿಯಲ್ಲಿ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತೆವು. ಒಟ್ಟು ಅಂಕ ನೋಡುವುದು ಬೇಡ, ತಪ್ಪುಗಳು ಎಲ್ಲೆಲ್ಲಿ ಬಿದ್ದಿವೆ ಅಂತ ನೋಡೋಣ ಅಂದೆ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಹೋದರು. ನಾಲ್ಕೈದು ಟೆಸ್ಟ್ ಆಗುವಷ್ಟರಲ್ಲಿ ಇಬ್ಬರಿಗೂ ಕಾಣಿಸಿತು. ತಪ್ಪುಗಳು ಅಲ್ಲೊಂದು ಇಲ್ಲೊಂದು ಚೆಲ್ಲಿರಲಿಲ್ಲ. ಗುಂಪುಗುಂಪಾಗಿದ್ದವು. ಹತ್ತು ಸರಿ, ಆಮೇಲೆ ಒಂದು ತಪ್ಪು, ಅದರ ಹಿಂದೆಯೇ ಮೂರೋ ನಾಲ್ಕೋ ತಪ್ಪು, ಮತ್ತೆ ಸರಿ.

ಅಲ್ಲೇ ಒಂದು ಟೆಸ್ಟ್ ಮಾಡಿಸಿದೆ. ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ ನಾಲ್ಕು ಭಾಗ, ಒಂದೊಂದರಲ್ಲಿ ಹತ್ತು ಪ್ರಶ್ನೆ. ಸುಮಾರು 30 ನಿಮಿಷ. ರೆಕಾರ್ಡಿಂಗ್ ಒಂದೇ ಸಲ ಕೇಳಿಸುತ್ತದೆ. ಮೊದಲ ಭಾಗ ಸಲೀಸಾಗಿ ಆಯಿತು. ಎರಡನೇ ಭಾಗದ 14ನೇ ಪ್ರಶ್ನೆಯಲ್ಲಿ ಪೆನ್ಸಿಲ್ ನಿಂತಿತು. ಉತ್ತರ ತಪ್ಪಿಹೋಗಿತ್ತು. ರೆಕಾರ್ಡಿಂಗ್ ಮುಂದೆ ಹೋಗುತ್ತಿದೆ, ಆಕೆಯ ಕಣ್ಣು 14ರ ಮೇಲೇ ಇದೆ. ಉಸಿರು ಬಿಗಿಹಿಡಿದಿದ್ದಾರೆ. ಹೋದ ಮಾತನ್ನು ನೆನಪಿನಿಂದ ಎಳೆದು ತರಲು ಒದ್ದಾಡುತ್ತಿದ್ದಾರೆ ಅಂತ ತುಟಿ ನೋಡಿದರೇ ತಿಳಿಯುತ್ತಿತ್ತು. ಪೆನ್ಸಿಲ್ ಮತ್ತೆ ಅಲುಗಿದ್ದು 19ರಲ್ಲಿ.

"ಆ ಹೊತ್ತಲ್ಲಿ ತಲೇಲಿ ಏನು ಓಡ್ತಿತ್ತು?" ಅಂತ ಕೇಳಿದೆ.

"ಡ್ಯೂಟೀಲಿ ಡಾಕ್ಟರ್ ಹೇಳಿದ್ದು ಸರಿಯಾಗಿ ಕೇಳಿಸ್ಲಿಲ್ಲ ಅಂದ್ರೆ ಇನ್ನೊಂದ್ಸಲ ಕೇಳ್ತೀನಿ ಮೇಡಂ. ಅಂದಾಜಲ್ಲಿ ಔಷಧಿ ಕೊಡೋಕಾಗಲ್ಲ ಅಲ್ವಾ? ಗೊತ್ತಾಗ್ದೆ ಮುಂದೆ ಹೋಗೋದು ನನ್ ಕೈಲಿ ಆಗಲ್ಲ."

ನನ್ನ ಮಟ್ಟಿಗೆ ಈ ಪ್ರಕರಣದ ಗಂಟು ಬಿಚ್ಚಿದ್ದು ಈ ಮಾತಿನಲ್ಲಿ. ಆಕೆಯನ್ನು ಬೀಳಿಸುತ್ತಿದ್ದದ್ದು ಆಕೆಯ ಒಳ್ಳೆಯ ಗುಣ. ಕೇಳಿಸದ ಮಾತನ್ನು ಬಿಟ್ಟು ಮುಂದೆ ಹೋಗದಿರುವುದನ್ನು ವರ್ಷಗಟ್ಟಲೆ ರೂಢಿ ಮಾಡಿಕೊಂಡವರು ಅವರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಅದು ಜೀವ ಉಳಿಸುವ ಅಭ್ಯಾಸ. ಆದರೆ ಈ ಪರೀಕ್ಷೆಯಲ್ಲಿ ಹೋದದ್ದು ಹೋಯಿತು, ವಾಪಸ್ ಬರುವುದಿಲ್ಲ. ಇದನ್ನು ಆಕೆಗೆ ಹೀಗೇ ಹೇಳಿದೆ. "ಈ ಅಭ್ಯಾಸ ಬಿಡಬೇಡಿ. ಆ 30 ನಿಮಿಷ ಮಾತ್ರ ಬದಿಗಿಡೋಕೆ ಕಲಿಯೋಣ." ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಇಷ್ಟು ದಿನ ತಾನು ದಡ್ಡಿ ಅಂದುಕೊಂಡಿದ್ದೆ ಅಂದರು.

ಲೆಕ್ಕವನ್ನೂ ಮುಂದಿಟ್ಟೆ. 40ಕ್ಕೆ ಸುಮಾರು 23 ಸರಿಯಾದರೆ 6 ಬ್ಯಾಂಡ್, ಸುಮಾರು 30 ಸರಿಯಾದರೆ 7. ನಡುವೆ ಇರುವುದು ಏಳು ಉತ್ತರ. ಒಂದು ತಪ್ಪಿದ್ದಕ್ಕೆ ಬೆನ್ನಿಗೇ ಇನ್ನೂ ನಾಲ್ಕು ಕಳೆದುಕೊಳ್ಳುವುದು ನಿಂತರೆ ಅರ್ಧ ದಾರಿ ಸಾಗಿದ ಹಾಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಖಾಲಿ ಬಿಡುವ ಬದಲು ಕೊನೆಗೆ ಏನಾದರೊಂದು ಬರೆದರೆ ನಷ್ಟವಿಲ್ಲ.

ಆದರೆ "ಬಿಟ್ಟು ಮುಂದೆ ಹೋಗಿ" ಅಂತ ಬಾಯಲ್ಲಿ ಹೇಳಿದರೆ ಏನೂ ಆಗುವುದಿಲ್ಲ. ಅದನ್ನೂ ಅಭ್ಯಾಸವೇ ಮಾಡಬೇಕು. ಹಾಗಾಗಿ ಒಂದು ಕೆಲಸ ಮಾಡಿದೆವು. ರೆಕಾರ್ಡಿಂಗ್ ಹಾಕಿ, ನಡುವೆ ಹೇಳದೆ ಕೇಳದೆ ಹತ್ತು ಸೆಕೆಂಡ್ ಸದ್ದು ಪೂರ್ತಿ ಇಳಿಸುತ್ತಿದ್ದೆ. ಆ ಉತ್ತರ ಯಾರಿಗೂ ಸಿಗುವಂತಿಲ್ಲ. ಆಕೆ ಮಾಡಬೇಕಾದದ್ದು ಮೂರು. ಅಲ್ಲಿ ಒಂದು ಗೆರೆ ಎಳೆಯುವುದು, ಉಸಿರು ಬಿಡುವುದು, ಮುಂದಿನ ಪ್ರಶ್ನೆಯ ಮೇಲೆ ಬೆರಳಿಡುವುದು. ಮೊದಲ ದಿನ ಆಕೆಗೆ ಸಿಟ್ಟೇ ಬಂತು. ಐದನೇ ಸಲಕ್ಕೆ ಗೆರೆ ಎಳೆದ ಕೈ ತಾನಾಗಿ ಕೆಳಗಿಳಿಯಿತು. ಮನೆಯಲ್ಲಿ ತಮ್ಮನ ಕೈಲಿ ಸದ್ದು ಇಳಿಸುವ ಕೆಲಸ ಮಾಡಿಸಿ ಅಂದೆ. ಪ್ರಶ್ನೆಗಳು ರೆಕಾರ್ಡಿಂಗ್‌ನ ಕ್ರಮದಲ್ಲೇ ಬರುತ್ತವೆ. ಹಾಗಾಗಿ ಮುಂದಿನ ಪ್ರಶ್ನೆಯ ಮುಖ್ಯ ಪದ ಕಿವಿಗೆ ಬಿದ್ದರೆ, ಹಿಂದಿನದು ಹೋಯಿತು ಅಂತಲೇ ಅರ್ಥ.

ಎರಡನೇ ಸಲಹೆ ಆಕೆಗೆ ಒಪ್ಪಲು ಕಷ್ಟವಾಯಿತು. ಮಾಕ್ ಟೆಸ್ಟ್ ವಾರಕ್ಕೆ ಒಂದೇ. ದಿನಾ ಟೆಸ್ಟ್ ಮಾಡುವುದು ದಿನಾ ತೂಕ ನೋಡಿಕೊಂಡ ಹಾಗೆ. ನೋಡಿದ್ದರಿಂದಲೇ ತೂಕ ಇಳಿಯುವುದಿಲ್ಲ. 46 ಟೆಸ್ಟ್‌ಗಳಲ್ಲಿ ಆಕೆ ಅಳತೆ ತೆಗೆದುಕೊಂಡಿದ್ದರೇ ಹೊರತು ಕೇಳಲು ಕಲಿತಿರಲಿಲ್ಲ. ಉಳಿದ ದಿನ ಒಂದೇ ಒಂದು ನಿಮಿಷದ ಆಡಿಯೊ ತೆಗೆದುಕೊಳ್ಳಿ. ಮೊದಲು ನಿಲ್ಲಿಸದೆ ಪೂರ್ತಿ ಕೇಳಿ. ಆಮೇಲೆ ವಾಕ್ಯ ವಾಕ್ಯ ನಿಲ್ಲಿಸಿ, ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆಯಿರಿ. ಎಷ್ಟು ಸಲ ಬೇಕಾದರೂ ಕೇಳಿ. ಅಲ್ಲಿ ನಿಮ್ಮ ಡ್ಯೂಟಿ ಅಭ್ಯಾಸಕ್ಕೆ ಪೂರ್ತಿ ಅವಕಾಶ ಇದೆ. ಕೊನೆಗಷ್ಟೇ ಬರಹರೂಪ ತೆರೆದು ಹೋಲಿಸಿ. ಸಬ್‌ಟೈಟಲ್ ಮೊದಲೇ ಹಾಕಿಕೊಂಡರೆ ಕಣ್ಣು ಓದುತ್ತದೆ, ಕಿವಿ ರಜಾ ಹಾಕುತ್ತದೆ.

ತಪ್ಪಿದ ಒಂದೊಂದು ಪದದ ಪಕ್ಕದಲ್ಲೂ ಕಾರಣ ಬರೆಯಲು ಹೇಳಿದೆ. ಪದವೇ ಗೊತ್ತಿರಲಿಲ್ಲವಾ, ಗೊತ್ತಿದ್ದೂ ಕಿವಿಗೆ ಗುರುತು ಸಿಗಲಿಲ್ಲವಾ, ಗಮನ ಎಲ್ಲೋ ಹೋಗಿತ್ತಾ, ಸ್ಪೆಲಿಂಗ್ ತಪ್ಪಿತಾ? ಎರಡು ವಾರದ ನಂತರ ಆಕೆ ತಂದ ಹಾಳೆಗಳಲ್ಲಿ ಎರಡನೆಯ ಕಾರಣವೇ ಜಾಸ್ತಿ ಇತ್ತು. ಒಂದು ಕಡೆ "ಟೀಮ್" ಅಂತ ಬರೆದಿದ್ದರು. ನಿಜವಾದ ವಾಕ್ಯ "ಐ ಶುಡ್ ಹ್ಯಾವ್ ಆಸ್ಕ್ಡ್ ಹಿಮ್ ಅರ್ಲಿಯರ್". ಹೇಳಿದವರ ಬಾಯಲ್ಲಿ ಅದು "ಐ ಶುಡವ್ ಆಸ್ಕ್ಟಿಮ್ ಅರ್ಲಿಯರ್" ಆಗಿತ್ತು. ಇದರಲ್ಲಿ ಆಕೆಗೆ ಗೊತ್ತಿಲ್ಲದ ಒಂದು ಪದವೂ ಇಲ್ಲ. "ಅಯ್ಯೋ, ಇಷ್ಟೇನಾ?" ಅಂತ ನಕ್ಕಿದ್ದರು. ನನ್ನೆದುರು ಆಕೆ ನಕ್ಕದ್ದು ಅದೇ ಮೊದಲು.

ಇಂಗ್ಲಿಷ್ ಕಲಿಸುವ ನನ್ನ ಗೆಳತಿಯೊಬ್ಬರು ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಕನ್ನಡದಲ್ಲಿ ಬರೆದ ಅಕ್ಷರಕ್ಕೆಲ್ಲ ಸಾಕಷ್ಟು ಉಚ್ಚಾರವೂ ಸಿಗುತ್ತದೆ. ಇಂಗ್ಲಿಷ್ ಮಾತಿನಲ್ಲಿ ಅರ್ಥ ಹೊರುವ ಪದಗಳ ಮೇಲೆ ಒತ್ತು ಬೀಳುತ್ತದೆ. ಟು, ಆಫ್, ಹ್ಯಾವ್, ಹಿಮ್ ಥರದ ಸಣ್ಣ ಪದಗಳು ಕರಗಿ ಪಕ್ಕದ ಪದಕ್ಕೆ ಅಂಟಿಕೊಳ್ಳುತ್ತವೆ. ಕಣ್ಣಿನಿಂದ ಇಂಗ್ಲಿಷ್ ಕಲಿತವರ ಕಿವಿ ಪುಸ್ತಕದಲ್ಲಿ ಕಂಡ ರೂಪವನ್ನೇ ಕಾಯುತ್ತಾ ಕೂರುತ್ತದೆ. ಅದಕ್ಕೇ ಬರೆದಾದ ಮೇಲೆ ಅದೇ ವಾಕ್ಯವನ್ನು ಹೇಳಿದವರ ಹಾಗೇ ನೀವೂ ಜೋರಾಗಿ ಹೇಳಿ ಅಂದೆವು. ಬಾಯಿಗೆ ಒಗ್ಗಿದ್ದು ಕಿವಿಗೆ ಬೇಗ ಗುರುತಾಗುತ್ತದೆ. ಫಿಫ್‌ಟೀನ್, ಫಿಫ್ಟಿ ಗೊಂದಲವನ್ನೂ ಹಾಗೇ ಬಿಡಿಸಿಕೊಂಡರು. ಮೊದಲನೆಯದರಲ್ಲಿ ಒತ್ತು ಸಾಮಾನ್ಯವಾಗಿ ಕೊನೆಗೆ, ಎರಡನೆಯದರಲ್ಲಿ ಮೊದಲಿಗೆ. ಆಸ್ಟ್ರೇಲಿಯಾದವರ "ಡೇ" ನಮ್ಮ ಕಿವಿಗೆ "ಡೈ" ಅನ್ನೋ ಹಾಗೆ ಕೇಳಿಸುತ್ತದೆ. ಪರೀಕ್ಷೆಯಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಉತ್ತರ ಅಮೆರಿಕದ ಉಚ್ಚಾರಗಳೆಲ್ಲ ಬರಬಹುದು. ಹಾಗಾಗಿ ದಿನಕ್ಕೊಂದು ನಿಮಿಷದ ಆಡಿಯೊ ಆರಿಸುವಾಗ ದೇಶ ಬದಲಾಯಿಸುತ್ತಾ ಹೋದರು.

ಸಣ್ಣ ವಿಷಯಗಳೂ ಇದ್ದವು. ರೆಕಾರ್ಡಿಂಗ್‌ಗೆ ಮುಂಚೆ ಸಿಗುವ ಸಮಯದಲ್ಲಿ ಖಾಲಿ ಜಾಗಕ್ಕೆ ಸಂಖ್ಯೆ ಬರುತ್ತದಾ, ಹೆಸರಾ, ಬಹುವಚನವಾ ಅಂತ ಊಹಿಸುವುದು. ಮಾತಾಡುವವರು ಒಮ್ಮೆ ಮಂಗಳವಾರ ಅಂದು ಆಮೇಲೆ "ಇಲ್ಲ, ಗುರುವಾರ ಮಾಡೋಣ" ಅಂತ ತಿದ್ದಿಕೊಳ್ಳುತ್ತಾರೆ, ಮೊದಲು ಕೇಳಿದ್ದನ್ನೇ ಬರೆದು ಕಿವಿ ಮುಚ್ಚಬಾರದು. ಎರಡು ಪದ ಮೀರಬಾರದು ಅಂದರೆ ಮೂರು ಬರೆಯುವಂತಿಲ್ಲ. ಸ್ಪೆಲಿಂಗ್ ತಪ್ಪಿದರೂ ಅಂಕ ಇಲ್ಲ. ಇದೆಲ್ಲ ಆಕೆಗೆ ಗೊತ್ತಿತ್ತು, ಗಾಬರಿಯಲ್ಲಿ ಮರೆಯುತ್ತಿದ್ದರು.

ಮನೆಯವರ ವಿಷಯಕ್ಕೂ ಬಂದೆವು. ಅಪ್ಪ ದಿನಾ "ಇವತ್ತು ಎಷ್ಟು ಬಂತಮ್ಮ?" ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದದ್ದು. ಆದರೆ ಮಗಳಿಗೆ ಅದು ಇನ್ನೊಂದು ಫಲಿತಾಂಶದ ಹಾಗೆ ತಟ್ಟುತ್ತಿತ್ತು. ಒಂದು ದಿನ ಅಪ್ಪನನ್ನೂ ಕರೆದುಕೊಂಡು ಬಂದರು. ಅಂಕದ ಬದಲು "ಇವತ್ತು ಯಾವ ವಾಕ್ಯ ಬರೆದೆ?" ಅಂತ ಕೇಳಿ ಅಂದೆ. ಅವರು ತಕ್ಷಣ ಒಪ್ಪಿದರು. ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ ಹೆಡ್‌ಫೋನ್ ಮುಟ್ಟುವಂತಿಲ್ಲ, ನಿದ್ದೆ ಮಾತ್ರ ಅಂತ ಮೂವರೂ ಸೇರಿ ತೀರ್ಮಾನ ಮಾಡಿದೆವು. ನಿದ್ದೆಗೆಟ್ಟ ತಲೆಯಲ್ಲಿ ಕೇಳಿದ್ದು ನಿಲ್ಲುವುದಿಲ್ಲ. ಇದನ್ನು ಒಬ್ಬ ನರ್ಸ್‌ಗೆ ನಾನು ವಿವರಿಸಬೇಕಾಗಿರಲಿಲ್ಲ, ಆದರೂ ತನಗೆ ತಾನೇ ಆ ರಿಯಾಯಿತಿ ಕೊಟ್ಟುಕೊಳ್ಳಲು ಆಕೆಗೆ ಯಾರೋ ಹೇಳಬೇಕಿತ್ತು.

ಮೊದಲ ಎರಡು ಸಲ ಆಕೆ ಪೇಪರ್ ಮೇಲೆ ಬರೆದಿದ್ದರು. ಮೂರನೆಯದಕ್ಕೆ ಕಂಪ್ಯೂಟರ್ ಪರೀಕ್ಷೆ ಆರಿಸಿಕೊಳ್ಳಿ ಅಂತ ಗೆಳತಿ ಹೇಳಿದ್ದಕ್ಕೆ ಕಾರಣ ಇತ್ತು. ಕಂಪ್ಯೂಟರ್‌ನಲ್ಲಿ ಬರೆದವರಿಗೆ, ಸೌಲಭ್ಯ ಇರುವ ಕಡೆ, ನಾಲ್ಕರಲ್ಲಿ ಒಂದು ವಿಭಾಗವನ್ನು ಮಾತ್ರ 60 ದಿನದೊಳಗೆ ಮತ್ತೆ ಬರೆಯುವ ಅವಕಾಶ ಇದೆ. ಆ ಅಂಕವನ್ನು ತಾವು ಅರ್ಜಿ ಹಾಕುವ ಸಂಸ್ಥೆ ಒಪ್ಪುತ್ತದಾ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು. ಆಕೆ ವಿಚಾರಿಸಿಕೊಂಡರು. ಒಂದು ವ್ಯತ್ಯಾಸವನ್ನೂ ಮನಸ್ಸಿನಲ್ಲಿಟ್ಟುಕೊಂಡು ಅಭ್ಯಾಸ ಮಾಡಿದರು. ಪೇಪರ್‌ನಲ್ಲಿ ಉತ್ತರ ತುಂಬಲು ಕೊನೆಗೆ 10 ನಿಮಿಷ ಸಿಗುತ್ತಿತ್ತು. ಕಂಪ್ಯೂಟರ್‌ನಲ್ಲಿ ಸಿಗುವುದು ಪರಿಶೀಲಿಸಲು 2 ನಿಮಿಷ.

ಮೂರು ತಿಂಗಳ ನಂತರ ಬರೆದ ಪರೀಕ್ಷೆಯಲ್ಲಿ ಲಿಸನಿಂಗ್ 6.5 ಬಂತು. ಆ ದಿನ ಅತ್ತರು. ಮಾರನೇ ದಿನ ಫೋನ್ ಮಾಡಿ, ಮೂರನೇ ಭಾಗದಲ್ಲಿ ಇಬ್ಬರು ವಿದ್ಯಾರ್ಥಿಗಳು ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತಾ ಹೋದಾಗ ಯಾರ ಅಭಿಪ್ರಾಯ ಯಾವುದು ಅಂತ ಗೊತ್ತಾಗಲಿಲ್ಲ ಅಂದರು. ಎಲ್ಲಿ ತಪ್ಪಿತು ಅಂತ ಅವರೇ ಬೆರಳಿಟ್ಟು ತೋರಿಸಿದ್ದು ನನಗೆ ಅಂಕಕ್ಕಿಂತ ಜಾಸ್ತಿ ಖುಷಿ ಕೊಟ್ಟಿತು. ಆರು ವಾರ ಅದೊಂದನ್ನೇ ಹಿಡಿದು ಕೂತರು. ಇಬ್ಬರು ಮಾತಾಡುವ ತುಣುಕುಗಳನ್ನು ಕೇಳಿ, ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಅಂತ ಎರಡು ಕಾಲಂನಲ್ಲಿ ಬರೆದರು. ಆಮೇಲೆ ಲಿಸನಿಂಗ್ ಒಂದನ್ನೇ ಮತ್ತೆ ಬರೆದರು.

7 ಬಂದ ದಿನ ಬೆಳಿಗ್ಗೆಯೇ ಫೋನ್ ಬಂತು. ಅಂಕ ಹೇಳಿ ಮುಗಿಸಿ, ಒಂದು ಗಳಿಗೆ ಸುಮ್ಮನಿದ್ದರು. "ಮೇಡಂ, ಒಂದು ಉತ್ತರ ಹಾರಿಹೋಯ್ತು. ಉಸಿರು ಬಿಟ್ಟು ಮುಂದಿನದಕ್ಕೆ ಹೋದೆ. ಅದೇನಿತ್ತು ಅಂತ ಈಗ್ಲೂ ಗೊತ್ತಿಲ್ಲ."