ಹಟ್ ಬುಕ್ ಆಗಿದೆ, ಇಳಿಯುವ ದಾರಿ ನೋಡಿದ್ದೀರಾ?

ಪ್ರಶ್ನೆ: ನಾವು ಬಾಸ್ಟನ್‌ನಲ್ಲಿದ್ದೇವೆ. ಗಂಡ, ಹೆಂಡತಿ, ಹದಿನಾಲ್ಕು ವರ್ಷದ ಮಗ. ಜುಲೈನಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಪ್ರೆಸಿಡೆನ್ಶಿಯಲ್ ಬೆಟ್ಟಸಾಲನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಬೇಕು ಅಂತ ಮೂರು ರಾತ್ರಿಗೆ ಹಟ್ (ಬೆಟ್ಟದ ಮೇಲೆ ಚಾರಣಿಗರು ತಂಗುವ ಮನೆ) ಬುಕ್ ಮಾಡಿದ್ದೇವೆ: ಮ್ಯಾಡಿಸನ್, ಲೇಕ್ಸ್ ಆಫ್ ದ ಕ್ಲೌಡ್ಸ್, ಮಿಜ್ಪಾ. ಊರಲ್ಲಿದ್ದಾಗ ಕುಮಾರಪರ್ವತ, ಮುಳ್ಳಯ್ಯನಗಿರಿ ಎಲ್ಲ ಹತ್ತಿದವರು ನಾವು. ಇಲ್ಲಿನ ಮೌಂಟ್ ವಾಷಿಂಗ್ಟನ್ ಬರೀ 1,917 ಮೀಟರ್, ಮುಳ್ಳಯ್ಯನಗಿರಿಗಿಂತ ತಗ್ಗೇ ಅಲ್ವಾ? ಎರಡೇ ರಾತ್ರಿಯಲ್ಲಿ ಮುಗಿಸಬಹುದಾ?

ಉತ್ತರ: ಮೂರು ರಾತ್ರಿ ಹಾಗೇ ಇರಲಿ, ಒಂದನ್ನೂ ಬಿಡಬೇಡಿ. ಎತ್ತರದ ಲೆಕ್ಕವನ್ನು ಮಾತ್ರ ಮರೆತುಬಿಡಿ. ಅಲ್ಲಿ ಸುಮಾರು 1,400 ಮೀಟರ್‌ಗೇ ಮರಗಳು ಮುಗಿಯುತ್ತವೆ. ಆಮೇಲೆ ಬರೀ ಕಲ್ಲು, ಮೋಡ, ಗಾಳಿ. ಪಶ್ಚಿಮದಿಂದ ಬರುವ ಗಾಳಿಗೆ ಈ ಬೆಟ್ಟಸಾಲು ಅಡ್ಡ ನಿಂತಿದೆ. ದಾಟಿ ಹೋಗಲು ಗಾಳಿ ಮೇಲೇರಲೇಬೇಕು, ಏರುವಾಗ ಇಕ್ಕಟ್ಟಾಗಿ ವೇಗ ಜಾಸ್ತಿ ಆಗುತ್ತದೆ. 1934ರ ಏಪ್ರಿಲ್ 12ರಂದು ಆ ಶಿಖರದ ವೀಕ್ಷಣಾಲಯದಲ್ಲಿ ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ಅದು ಏಪ್ರಿಲ್, ನೀವು ಹೋಗುವುದು ಜುಲೈ, ನಿಜ. ಆದರೆ ಶಿಖರದಲ್ಲಿ ಜುಲೈನ ಸರಾಸರಿ ಉಷ್ಣಾಂಶವೇ 10 ಡಿಗ್ರಿ ಆಸುಪಾಸು. ಮೈ ಒದ್ದೆಯಾಗಿ ಮೇಲಿಂದ ಗಾಳಿ ಹೊಡೆದರೆ ಅಷ್ಟು ಚಳಿ ಸಾಕು, ಮೈ ಮರಗಟ್ಟಿ ತಲೆ ಓಡದ ಹಾಗಾಗುತ್ತದೆ.

1900ರ ಜೂನ್ 30ರಂದು ವಿಲಿಯಂ ಕರ್ಟಿಸ್ ಮತ್ತು ಅಲನ್ ಆರ್ಮ್ಸ್‌ಬಿ ಎಂಬ ಇಬ್ಬರು ಕ್ರಾಫರ್ಡ್ ಪಾತ್ ಎಂಬ ಕಾಲುದಾರಿ ಹಿಡಿದು ವಾಷಿಂಗ್ಟನ್ ಶಿಖರಕ್ಕೆ ಹೊರಟಿದ್ದರು. ಬೆಟ್ಟ ಹತ್ತುವವರ ಸಂಘದ ಸಭೆ ಮೇಲೆ ಇತ್ತು. ಇಬ್ಬರೂ ಗಟ್ಟಿಗರು, ಕರ್ಟಿಸ್ ಅಂತೂ ಹೆಸರುವಾಸಿ ಕ್ರೀಡಾಪಟು. ಮಂಜು ಗಡ್ಡೆಗಟ್ಟುವಂಥ ಬಿರುಗಾಳಿಗೆ ಸಿಕ್ಕಿ ಇಬ್ಬರೂ ತೀರಿಕೊಂಡರು. ಬೇಸಿಗೆಯಲ್ಲಿ! ಮರುವರ್ಷ ಅದೇ ಜಾಗದ ಹತ್ತಿರ ಆಸರೆಗೆ ಒಂದು ಗುಡಿಸಲು ಕಟ್ಟಿದರು, 1915ರಲ್ಲಿ ಲೇಕ್ಸ್ ಹಟ್ ಬಂತು. ನೀವು ಎರಡನೇ ರಾತ್ರಿ ಮಲಗುವುದು ಅಲ್ಲೇ.

ಹಾಗಾಗಿ ಪ್ಲಾನ್ ಮಾಡುವಾಗ ಹಟ್‌ನಿಂದ ಹಟ್‌ಗೆ ಎಷ್ಟು ದೂರ ಅನ್ನುವುದನ್ನು ಆಮೇಲೆ ನೋಡಿ. ಮೊದಲು ಎಲ್ಲೆಲ್ಲಿ ಕೆಳಗಿಳಿಯಬಹುದು ಅಂತ ನೋಡಿ. ಮೊದಲ ದಿನ ವ್ಯಾಲಿ ವೇ ದಾರಿ, 6 ಕಿಲೋಮೀಟರ್, ಏರು ಸಾವಿರ ಮೀಟರ್‌ಗೂ ಮೇಲೆ, ಆದರೆ ಹಟ್‌ನ ಬುಡದವರೆಗೂ ಕಾಡಿನೊಳಗೇ. ಚಿಂತೆಯಿಲ್ಲ. ಇಡೀ ಪ್ರವಾಸ ನಿಂತಿರುವುದು ಎರಡನೇ ದಿನದ ಮೇಲೆ: ಮ್ಯಾಡಿಸನ್‌ನಿಂದ ಲೇಕ್ಸ್‌ಗೆ 11 ಕಿಲೋಮೀಟರ್, ಪೂರ್ತಿ ಬಯಲು, ಕಾಲಡಿ ಅಲುಗಾಡುವ ಬಂಡೆ. ಎಂಟು ಗಂಟೆ ಇಟ್ಟುಕೊಳ್ಳಿ. ಆಡಮ್ಸ್ ಮತ್ತು ಜೆಫರ್ಸನ್ ಶಿಖರಗಳ ನಡುವಿನ ತಗ್ಗು ಎಡ್ಮಂಡ್ಸ್ ಕೋಲ್, ಅಲ್ಲಿಂದ ರ್‍ಯಾಂಡಾಲ್ಫ್ ಪಾತ್ ಹಿಡಿದು ಉತ್ತರಕ್ಕೆ ಇಳಿಯಬಹುದು, ಮೊದಲ ಸ್ವಲ್ಪ ದೂರ ಅದೂ ಬಯಲೇ. ಮುಂದೆ ಕ್ಲೇ ಶಿಖರದ ಹತ್ತಿರ ಜುವೆಲ್ ಟ್ರೇಲ್ ಪಶ್ಚಿಮಕ್ಕೆ ಇಳಿಯುತ್ತದೆ, ಅದು ಸುಲಭದ್ದು. ಪೂರ್ವದ ಗ್ರೇಟ್ ಗಲ್ಫ್ ಕಡೆ ಮಾತ್ರ ಇಳಿಯಬೇಡಿ, ಕಡಿದಾದ ಗೋಡೆ ಅದು. ಮೂರನೇ ದಿನ ಐಸೆನ್‌ಹೋವರ್ ಶಿಖರದ ಹತ್ತಿರ ಇಳಿಯಲು ಎಡ್ಮಂಡ್ಸ್ ಪಾತ್ ಇದೆ. ಇವಿಷ್ಟನ್ನೂ ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿ, ಮಗನಿಂದಲೇ ಮಾಡಿಸಿ, ಅವನಿಗೂ ಗೊತ್ತಿರಬೇಕು.

ಎರಡನೇ ದಿನ ಬೆಳಗ್ಗೆ ತಿಂಡಿ ಹೊತ್ತಿಗೆ ಹಟ್‌ನ ಹುಡುಗ ಹುಡುಗಿಯರು ಮೇಲಿನ ಶಿಖರಗಳ ಹವಾಮಾನ ಓದಿ ಹೇಳುತ್ತಾರೆ. ಗುಡುಗು ಅಥವಾ ಜೋರು ಗಾಳಿ ಅಂದರೋ, ಮುಂದೆ ಹೋಗಬೇಡಿ. ಬಂದ ದಾರಿಯಲ್ಲೇ ಇಳಿದು, ಕಾರಿನಲ್ಲಿ ಸುತ್ತಿಕೊಂಡು ಬೆಟ್ಟಸಾಲಿನ ದಕ್ಷಿಣ ತುದಿಯ ಕಣಿವೆ ಕ್ರಾಫರ್ಡ್ ನಾಚ್‌ಗೆ ಹೋಗಿ, ಮಾರನೇ ದಿನ ಅಲ್ಲಿಂದ ಮಿಜ್ಪಾ ಹತ್ತಿ. ಸುಮಾರು 4 ಕಿಲೋಮೀಟರ್, ಎಲ್ಲ ಕಾಡಿನೊಳಗೆ, ಮಳೆಯಲ್ಲೂ ಹೋಗಬಹುದು. ಕಳೆದುಕೊಳ್ಳುವುದು ಲೇಕ್ಸ್‌ನ ಒಂದು ರಾತ್ರಿ ಮಾತ್ರ. ಮೂರನೇ ರಾತ್ರಿ ಬಿಡಬೇಡಿ ಅಂದಿದ್ದು ಇದಕ್ಕೇ. ದುಡ್ಡು ಕೊಟ್ಟಾಗಿದೆ ಅಂತ ಮೋಡದೊಳಗೆ ನಡೆದುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಹೈಕ್ ಸೇಫ್ ಕಾರ್ಡ್ ಅಂತ ಇದೆ, ಒಬ್ಬರಿಗೆ 25 ಡಾಲರ್, ಕುಟುಂಬಕ್ಕೆ 35. ಅಜಾಗರೂಕತೆಯಿಂದ ತೊಂದರೆಗೆ ಸಿಕ್ಕವರಿಂದ ಆ ರಾಜ್ಯ ರಕ್ಷಣೆಯ ಖರ್ಚು ಕೇಳಬಹುದು, ಕಾರ್ಡ್ ಇದ್ದರೆ ಸಾಮಾನ್ಯವಾಗಿ ಕೇಳುವುದಿಲ್ಲ. ತಿಳಿದೂ ತಿಳಿದೂ ದುಸ್ಸಾಹಸ ಮಾಡಿದವರಿಗೆ ಅದೂ ಇಲ್ಲ. ತೆಗೆದುಕೊಳ್ಳಿ.

ಪ್ರಶ್ನೆ: ಹಟ್‌ನಲ್ಲಿ ಏನೇನು ಸಿಗುತ್ತದೆ? ನಾವು ಸಸ್ಯಾಹಾರಿಗಳು. ಬ್ಯಾಗಿನಲ್ಲಿ ಏನಿರಬೇಕು?

ಉತ್ತರ: ಬೇಸಿಗೆಯಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ ಕೊಡುತ್ತಾರೆ. ಸಸ್ಯಾಹಾರ ಅಂತ ಮೊದಲೇ ತಿಳಿಸಿ, ಮಾಡಿಕೊಡುತ್ತಾರೆ. ಮಧ್ಯಾಹ್ನದ್ದು ನಿಮ್ಮದೇ. ಒಂದರ ಮೇಲೊಂದು ಮಂಚ, ಕಂಬಳಿ, ದಿಂಬು ಇರುತ್ತವೆ. ಹಾಸು ಹೊದೆಯಲು ತೆಳ್ಳನೆಯ ಚೀಲದಂಥ ಲೈನರ್ ಒಯ್ಯಿರಿ. ಒಂದೊಂದು ಕೋಣೆಯಲ್ಲೂ ಹಲವರು ಒಟ್ಟಿಗೆ ಮಲಗುತ್ತಾರೆ, ಲೇಕ್ಸ್‌ನಲ್ಲಂತೂ 90 ಜನಕ್ಕೆ ಜಾಗ. ಸ್ನಾನ ಇಲ್ಲ, ಫೋನ್ ಚಾರ್ಜಿಗೆ ಪ್ಲಗ್ ಇಲ್ಲ. ನಿಮ್ಮ ಕಸ ನೀವೇ ಕೆಳಗೆ ತರಬೇಕು.

ಬಟ್ಟೆ ವಿಷಯದಲ್ಲಿ ಹಟ ಹಿಡಿಯುತ್ತೇನೆ. ಹತ್ತಿ ಬೇಡ, ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಅಥವಾ ಪಾಲಿಯೆಸ್ಟರ್ ಸಾಕು. ಮಳೆಗೆ ಜಾಕೆಟ್ ಜೊತೆ ಪ್ಯಾಂಟೂ ಇರಲಿ. ಟೊಪ್ಪಿ, ಕೈಗವಸು ಜುಲೈನಲ್ಲೂ ಬೇಕು, ಕೆಳಗೆ ಪಾರ್ಕಿಂಗ್‌ನಲ್ಲಿ ಬೆವರು ಸುರಿಯುತ್ತಿದ್ದರೂ ಸರಿ. ಹೆಡ್‌ಲ್ಯಾಂಪ್ ಒಬ್ಬೊಬ್ಬರಿಗೂ ಒಂದು. ಏಣಿನ ಮೇಲೆ ನೀರು ಸಿಗುವ ಜಾಗ ಕಡಿಮೆ, ಹಟ್‌ನಲ್ಲೇ ಎರಡು ಲೀಟರ್ ತುಂಬಿಕೊಳ್ಳಿ.

ಪ್ರಶ್ನೆ: ಫೋನ್‌ನಲ್ಲಿ ಮ್ಯಾಪ್ ಇದೆ. ಕಾಗದದ್ದೂ ಬೇಕಾ?

ಉತ್ತರ: ಬೇಕು, ದಿಕ್ಸೂಚಿಯೂ ಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಸ್ಕ್ರೀನ್ ಕೆಲಸ ಮಾಡುವುದಿಲ್ಲ. ದಾರಿಯುದ್ದಕ್ಕೂ ಕಲ್ಲುಗುಪ್ಪೆಗಳಿವೆ. ಮಂಜು ಕವಿದಾಗ ಒಬ್ಬರು ಈಗಿನ ಗುಪ್ಪೆಯ ಬಳಿಯೇ ನಿಂತು, ಇನ್ನೊಬ್ಬರು ದನಿ ಕೇಳುವಷ್ಟು ದೂರ ಹೋಗಿ ಮುಂದಿನದು ಹುಡುಕಿ. ಅದು ಕಂಡ ಮೇಲೆ ಎಲ್ಲರೂ ಹೊರಡಿ. ಮಗ ನಿಂತವರ ಜೊತೆಗೇ ಇರಲಿ. ದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಡದೆ ಆದಷ್ಟು ಕಲ್ಲಿನ ಮೇಲೇ ನಡೆಯಿರಿ. ಅಲ್ಲಿನ ಪುಟ್ಟ ಗಿಡಗಳು ಬಹಳ ನಿಧಾನ ಬೆಳೆಯುತ್ತವೆ, ತುಳಿದರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.